ಐನೂರು ಡಾಲರಿನ ಪಿಸ್ತೂಲು

ಗ್ರೀನ್ ಕಾರ್ಡ್ ಬರುವವರೆಗೂ ಡಲ್ಲಾಸಿನ ನಮ್ಮ ರಾಯರಿಗೆ ಬ್ಯಾಡ್ಮಿಂಟನ್ ಸಾಕಾಗಿತ್ತು. ಅದು ಬಂದ ಮೇಲೆ ಆಫೀಸಿನ ಗೆಳೆಯನೊಬ್ಬ ಅವರನ್ನು ಪ್ರಾಕ್ಟಿಕಲ್ ಶೂಟಿಂಗ್ ಪಂದ್ಯಕ್ಕೆ ಕರೆದುಕೊಂಡು ಹೋದ. ಓಡುತ್ತ, ಬಗ್ಗುತ್ತ, ಗೋಡೆಯ ಕಿಂಡಿಯಲ್ಲಿ ಇಣುಕಿ ರಟ್ಟಿನ ಗುರಿಗಳಿಗೆ ಗುಂಡು ಹೊಡೆಯುವ ಆಟ. ಬಂದ ಅಂಕಗಳನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಭಾಗಾಕಾರ ಎಂದ ಕೂಡಲೇ ಇಂಜಿನಿಯರ್ ರಾಯರ ಕಿವಿ ನೆಟ್ಟಗಾಯಿತು. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಜೆಫ್ ಕೂಪರ್ ಮುಂತಾದವರು ಸೇರಿ ಈ ಆಟಕ್ಕೊಂದು ಸಂಸ್ಥೆ ಕಟ್ಟಿದಾಗ ನಿಖರತೆ, ಬಲ, ವೇಗ ಎಂಬ ಮೂರನ್ನು ಧ್ಯೇಯವಾಗಿ ಇಟ್ಟುಕೊಂಡರು. ರಾಯರು ನಾಲ್ಕನೆಯದನ್ನು ಸೇರಿಸಿದರು: ಉಳಿತಾಯ.

ಮೈದಾನದಲ್ಲಿ ಉಳಿದವರ ಸೊಂಟದಲ್ಲಿದ್ದ ಪಿಸ್ತೂಲುಗಳ ಬೆಲೆ ಮೂರು ಸಾವಿರ, ನಾಲ್ಕು ಸಾವಿರ ಡಾಲರ್. ರಾಯರು ಫಿಲಿಪ್ಪೀನ್ಸಿನ ಮರಿಕಿನಾದಲ್ಲಿ ತಯಾರಾಗುವ ರಾಕ್ ಐಲ್ಯಾಂಡ್ 1911 ತಂದರು. "ಐನೂರೇ ಡಾಲರ್ ಕಣ್ರೀ! ಜಾನ್ ಬ್ರೌನಿಂಗ್ ಹಾಕಿದ ಡ್ರಾಯಿಂಗು ನೂರು ವರ್ಷದಿಂದ ಎಲ್ಲರಿಗೂ ಒಂದೇ. ಹೆಸರಿಗ್ಯಾಕೆ ದುಡ್ಡು ಸುರೀಬೇಕು?" ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತಿದ್ದವರಿಗೂ ಈ ಲೆಕ್ಕ ಒಪ್ಪಿಸಿದರು.

ಒಪ್ಪಬೇಕಾದ ಮಾತೇ. ಪಿಸ್ತೂಲು ಗಟ್ಟಿಮುಟ್ಟಾಗಿತ್ತು, ನೆಟ್ಟಗೆ ಹೊಡೆಯುತ್ತಿತ್ತು. ಆದರೆ ಟ್ರಿಗರ್ ಕೊಂಚ ಒರಟು. ಹಾಗಾಗಿ ಹೊಸ ಹ್ಯಾಮರು, ಸಿಯರು ಬಂದವು. ಮುಂದಿನ ಗುರಿಕಡ್ಡಿ ಕಾಣಿಸದೆಂದು ಕೆಂಪಗೆ ಹೊಳೆಯುವ ಫೈಬರ್ ಆಪ್ಟಿಕ್ ಬಂತು. ಅದನ್ನು ಕೂರಿಸಲು ಒಂದು ಯಂತ್ರ, ಟ್ರಿಗರಿನ ಭಾರ ತೂಗಲು ಒಂದು ತಕ್ಕಡಿ.

"ರೀ, ಇವತ್ತು ಬಂದ ಡಬ್ಬಿಗೆ ಎಷ್ಟು?" ಎಂದಳು ಹೆಂಡತಿ.

"ಅದು ಪಿಸ್ತೂಲಿಗಲ್ಲ ಕಣೇ, ಟ್ರಿಗರಿಗೆ."

ಅವರ ಲೆಕ್ಕದ ಚಂದವೇ ಅದು. ಅರ, ಉಪ್ಪುಕಾಗದ, ಸಾಣೆಕಲ್ಲು ಎಲ್ಲ 'ಉಪಕರಣ'ದ ಖಾತೆ, ಮೊಮ್ಮಕ್ಕಳ ಕಾಲಕ್ಕೂ ಆಗುತ್ತವೆ. ಗುರಿಕಡ್ಡಿ 'ಕಣ್ಣಿನ ಖರ್ಚು'. ಒರಟು ಹಿಡಿಕೆ ಅವರೇ ತಮಗೆ ಕೊಟ್ಟುಕೊಂಡ ಹುಟ್ಟುಹಬ್ಬದ ಉಡುಗೊರೆ. ಪಿಸ್ತೂಲಿನ ಖಾತೆಯಲ್ಲಿ ಮಾತ್ರ ಐನೂರು ಐನೂರಾಗಿಯೇ ಉಳಿಯಿತು.

ಗ್ಯಾರೇಜಿನ ಕೆಲಸ ಒಮ್ಮೆ ನೋಡಬೇಕು. ನಳಿಗೆಯ ಕೆಳಗಿನ ಸ್ಪ್ರಿಂಗಿಗೆ ಒಂದು ಪುಟ್ಟ ಉಕ್ಕಿನ ಟೋಪಿಯಿದೆ. ಬಿಚ್ಚುವಾಗ ಹೆಬ್ಬೆರಳು ಜಾರಿತೋ, ಅದು ಚಿಮ್ಮಿ ಸೂರಿಗೆ ಬಡಿದು ಸೋನಾಮಸೂರಿ ಮೂಟೆಗಳ ಸಂದಿಯಲ್ಲಿ ಮಾಯ. ರಾಯರು ಟಾರ್ಚ್ ಕಚ್ಚಿಕೊಂಡು ಮಂಡಿಯೂರುತ್ತಾರೆ. ಮತ್ತೆ ಜೋಡಿಸುವಾಗ ಸ್ಲೈಡ್ ಸ್ಟಾಪಿನ ತುದಿ ಉಜ್ಜಿ ಫ್ರೇಮಿನ ಮೇಲೆ ಕಮಾನಿನಂಥ ಗೀರು ಬೀಳುತ್ತದೆ. ಗೀರಿಗೆ ಹೊಸ ಬಣ್ಣ, ಬಣ್ಣಕ್ಕೊಂದು ಹೊಸ ಡಬ್ಬಿ.

ಇಷ್ಟೆಲ್ಲದರಿಂದ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿದದ್ದು ನಿಜ. ಉಳಿಸಿದ ಸಂಭ್ರಮದಲ್ಲಿ ಗೋಡೆಯ ಹಿಂದಿನ ಗುರಿಯೊಂದನ್ನು ಮರೆತೇ ಓಡಿಬಿಟ್ಟರು. ಬೀಳದ ಎರಡು ಗುಂಡಿಗೆ ಹತ್ತತ್ತು, ಆ ಗುರಿಯತ್ತ ಹೊಡೆಯದೇ ಹೋದದ್ದಕ್ಕೆ ಇನ್ನೊಂದು ಹತ್ತು ಅಂಕ ಕಡಿತ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರನ್ನು ಕಾಯಿ ಉದುರಿತೇ ಎಂದು ಕೇಳುತ್ತಾರೆಯೇ ಹೊರತು ಟ್ರಿಗರ್ ಎಷ್ಟು ಪೌಂಡ್ ಎಂದು ಯಾರೂ ಕೇಳುವುದಿಲ್ಲ. ಇದನ್ನು ರಾಯರಿಗೆ ಹೇಳಿದೆ. "ಅವರಿಗೆ ಟೈಮರ್ ಇಲ್ಲವಲ್ಲ" ಎಂದರು.

ಕೊನೆಗೆ ದೊಡ್ಡ ಪಂದ್ಯ ಬಂತು. ರಾಯರದು ಸಿಂಗಲ್ ಸ್ಟ್ಯಾಕ್ ವಿಭಾಗ, ಹಳೇ ಶೈಲಿಯ 1911ಗಳಿಗೆಂದೇ ಇರುವುದು. ಅಲ್ಲೊಂದು ಪರೀಕ್ಷೆ: ಮ್ಯಾಗಜಿನ್ ಸಮೇತ ಪಿಸ್ತೂಲು ಗೊತ್ತುಪಡಿಸಿದ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ರಾಯರು ಮ್ಯಾಗಜಿನ್ ಸರಾಗ ಜಾರಲೆಂದು ಹಿಡಿಕೆಯ ಬುಡಕ್ಕೆ ಆಲಿಕೆಯಂಥ ಮ್ಯಾಗ್‌ವೆಲ್ ಹಾಕಿಸಿದ್ದರು, ಮ್ಯಾಗಜಿನ್ನಿನ ತಳಕ್ಕೆ ದಪ್ಪನೆಯ ಮೆತ್ತೆ ಅಂಟಿಸಿದ್ದರು. ಅಧಿಕಾರಿ ನೆಟ್ಟಗಿಟ್ಟು ನೋಡಿದ, ಓರೆಯಿಟ್ಟು ನೋಡಿದ. ಎಳ್ಳಿನಷ್ಟು ಹೊರಗೇ ಉಳಿಯಿತು. ನಿಯಮದ ಪ್ರಕಾರ ರಾಯರನ್ನು ಓಪನ್ ವಿಭಾಗಕ್ಕೆ ದಾಟಿಸಿದರು. ಕೆಂಪು ಚುಕ್ಕೆಯ ದೂರ್ಬೀನು, ನಳಿಗೆಯ ತುದಿಗೆ ನೆಗೆತ ತಗ್ಗಿಸುವ ಕಾಂಪೆನ್ಸೇಟರು ಇರುವ ರೇಸ್ ಗನ್ನುಗಳ ಸಾಲಿನಲ್ಲಿ ಮರಿಕಿನಾದ ಪಿಸ್ತೂಲು ತಲೆಯೆತ್ತಿ ನಿಂತಿತು. ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಓದಿದರೆ ರಾಯರು ಬೇಗ ಸಿಗುತ್ತಿದ್ದರು.

ಮನೆಗೆ ಬಂದು ಕಾಫಿ ಕುಡಿಯುತ್ತ ಕುಳಿತವರು ಏನೋ ಹೊಳೆದಂತೆ ಎದ್ದರು.

"ಟರ್ಕಿಯ ಸ್ಯಾಮ್ಸುನ್‌ನಲ್ಲಿ ಮಾಡುವ ಕ್ಯಾನಿಕ್ ಇದೆ ನೋಡು. ಚುಕ್ಕೆ ದೂರ್ಬೀನು ಕೂರಿಸೋಕೆ ಜಾಗ ಅವರೇ ಕೊರೆದು ಕೊಟ್ಟಿರ್ತಾರೆ. ತೀರಾ ಅಗ್ಗ ಕಣೇ!"

ಬೆಲೆ ಎಷ್ಟೆಂದು ಆಕೆ ಕೇಳಲಿಲ್ಲ. "ಯಾವ ಖಾತೆಗೆ?" ಎಂದಳು.