ಹಿಂಪಟ್ಟಿಯ ಸಂಕಟ

ನಮ್ಮ ಮಂಗಲ್ಪಾಡಿಯಲ್ಲಿ ಚಪ್ಪಲಿ ಕೊಳ್ಳುವವರು ಅದನ್ನು ಹಾಕಿಕೊಂಡು ನಡೆಯುವುದು ಹೇಗೆಂದು ತಲೆ ಕೆಡಿಸಿಕೊಳ್ಳುವುದಿಲ್ಲ; ಕಳಚುವುದು ಎಷ್ಟು ಸುಲಭ ಎಂದೇ ನೋಡುವುದು. ಬೆಳಗ್ಗೆ ಹೊರಟ ಮನುಷ್ಯ ದೇವಸ್ಥಾನದೆದುರು ಕಳಚಬೇಕು, ನೆಂಟರ ಜಗಲಿಯ ಬುಡದಲ್ಲಿ ಕಳಚಬೇಕು, ತೋಡು ದಾಟುವಾಗ ಕೈಗೆತ್ತಿಕೊಳ್ಳಬೇಕು. ಈಗೀಗ ಟೈಲ್ಸ್ ಹಾಕಿಸಿದ ಅಂಗಡಿಯವರೂ ಮೆಟ್ಟಿಲ ಹತ್ತಿರ ಕಣ್ಣಲ್ಲೇ ಹೇಳಿಬಿಡುತ್ತಾರೆ. ಇಂಥ ಊರಿಗೆ ಹವಾಯಿ ಚಪ್ಪಲಿಯಷ್ಟು ಒಗ್ಗಿದ ವಸ್ತು ಇನ್ನೊಂದಿಲ್ಲ. ಚರ್ಮದ ಶೂಗಾದರೆ ಆಟಿ ತಿಂಗಳಲ್ಲಿ ಹಸಿರು ಬೂಷ್ಟು ಬರುತ್ತದೆ. ಹವಾಯಿಗಿರುವುದು ಒಂದೇ ದುರ್ಗುಣ: ಕೆಸರನ್ನು ಹಿಂದಿನಿಂದ ಎರಚಿ ಬಿಳಿ ಪಂಚೆಯ ಮೇಲೆ ರಂಗೋಲಿ ಇಡುವುದು.

ನನಗೆ ಸಕ್ಕರೆ ಕಾಯಿಲೆ ಶುರುವಾದ ಮೇಲೆ ಡಾಕ್ಟರು ಕಣ್ಣು ಮುಚ್ಚಲು ಹೇಳಿ, ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿದರು. "ಮುಟ್ಟಿದ್ದು ಗೊತ್ತಾಯ್ತಾ?"

"ಮುಟ್ಟಿದಿರಾ?" ಅಂದೆ.

ಅಲ್ಲಿಂದ ಪಾಠ ಸುರುವಾಯಿತು. ಬರಿಗಾಲು ಬೇಡ, ಸ್ಪರ್ಶ ಕಡಿಮೆಯಾದ ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯದು, ಮಳೆಗಾಲದ ಕಟ್ಟುನೀರಿನಲ್ಲಿ ಇಲಿಜ್ವರದ ಭಯ ಬೇರೆ. ಮಿಂದ ಮೇಲೆ ಬೆರಳ ಸಂದಿ ಒರೆಸಿಕೊಳ್ಳಿ, ಎಣ್ಣೆ ಹಚ್ಚುವುದಾದರೆ ಹಿಮ್ಮಡಿಗೆ ಮಾತ್ರ. ಒಡಕಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯಂತೂ ಕೂಡದು, ಚರ್ಮ ಸುಡುತ್ತದೆ. (ಆ ಮದ್ದು ಹೇಳಿದ ದೊಡ್ಡಮ್ಮನಿಗೆ ಇದನ್ನು ತಿಳಿಸುವ ಧೈರ್ಯ ನನಗಿನ್ನೂ ಬಂದಿಲ್ಲ.) ಕಡೆಗೆ ಒಂದು ಚೀಟಿ: ಎಂಸಿಆರ್ ಚಪ್ಪಲಿ, ಹಿಂದೆ ಪಟ್ಟಿ ಇರಲೇಬೇಕು.

ಈ ಎಂಸಿಆರ್ ಎಂಬುದು ಸಣ್ಣ ಸಣ್ಣ ಗುಳ್ಳೆಗಳಿರುವ ಮೆತ್ತನೆಯ ರಬ್ಬರು. ಮೈಭಾರ ಒಂದೇ ಜಾಗಕ್ಕೆ ಬೀಳದಂತೆ ಹಂಚುತ್ತದೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಕುಷ್ಠರೋಗಿಗಳ ಪಾದ ಉಳಿಸಲು ಇದರಲ್ಲಿ ಚಪ್ಪಲಿ ಮಾಡಿಸಿದರು. ಅದೇ ಈಗ ನಮ್ಮಂಥ ಸಿಹಿಪ್ರಿಯರ ಪಾಲಿಗೂ ಬಂದಿದೆ.

ಪಾದ ಹಗಲೆಲ್ಲ ನಡೆದು ಸಂಜೆಗೆ ಸ್ವಲ್ಪ ಊದುತ್ತದೆ, ಆದ್ದರಿಂದ ಚಪ್ಪಲಿ ಕೊಳ್ಳಲು ಸಂಜೆಯೇ ಸರಿ. ಹಾಗೆ ಉಪ್ಪಳ ಪೇಟೆಗೆ ಹೋದೆ. ಅಂಗಡಿಯವರು ನನ್ನ ಮುಖ ನೋಡಿಯೇ, "ಮಾಷ್ಟ್ರಿಗೆ ಎಂಟು" ಅಂದರು. ನಾನು ಬಿಡದೆ ಎದ್ದು ನಿಂತು ಎರಡೂ ಕಾಲು ಅಳೆಸಿದೆ. ಬಲಗಾಲು ಎಂಟು, ಎಡಗಾಲು ಒಂಬತ್ತರ ಹತ್ತಿರ.

"ಒಂದೊಂದು ನಂಬರಿನದ್ದು ಒಂದೊಂದು ಕೊಡ್ಲಿಕ್ಕೆ ಆಗ್ತದಾ?"

"ಕೊಡುವ ಮಾಷ್ಟ್ರೇ. ಉಳಿದ ಜೊತೆಗೆ ಗಿರಾಕಿಯನ್ನು ನೀವೇ ಕರ್ಕೊಂಡು ಬನ್ನಿ."

ದೊಡ್ಡ ಕಾಲಿನ ಅಳತೆಯೇ ಗೆದ್ದಿತು. ಬೆರಳ ತುದಿಗೂ ಅಂಚಿಗೂ ನಡುವೆ ಅರ್ಧ ಇಂಚು ಜಾಗ ಉಂಟೋ ಎಂದು ನೋಡಿ ತಂದೆ.

ಚಪ್ಪಲಿ ಹಿತವಾಗಿಯೇ ಇದೆ, ಸುಳ್ಳು ಹೇಳಬಾರದು. ಸಂಕಟವೆಲ್ಲ ಹಿಂಪಟ್ಟಿಯದ್ದು. ಪ್ರತಿ ಹೊಸ್ತಿಲಿಗೂ ಬಗ್ಗಬೇಕು. ನನಗೂ ನನ್ನ ಪಾದಕ್ಕೂ ನಡುವೆ ಹೊಟ್ಟೆಯೊಂದಿದೆ. ಜಗಲಿಯಲ್ಲಿ ಬಗ್ಗಿ ಏಳುವುದರೊಳಗೆ ಒಳಗೆ ಚಾ ಆರಿರುತ್ತದೆ. ಮುಂದಿನ ತಿಂಗಳು ತಪಾಸಣೆಗೆಂದು ಹೋದರೆ ಡಾಕ್ಟರ ಬಾಗಿಲಲ್ಲೇ ಫಲಕ: 'ಚಪ್ಪಲಿ ಹೊರಗೆ ಬಿಡಿ'. ಬಗ್ಗಿ ಬಿಚ್ಚಿಟ್ಟು, ಬರಿಗಾಲಲ್ಲಿ ಒಳಹೋಗಿ, ಬರಿಗಾಲಲ್ಲಿ ನಡೆಯಬಾರದೆಂಬ ಉಪದೇಶವನ್ನು ಇನ್ನೊಮ್ಮೆ ಕೇಳಿ ಬಂದೆ.

ಮೊನ್ನೆ ದೇವಸ್ಥಾನದ ಉತ್ಸವ. ಊಟ ಮುಗಿಸಿ ಬಂದರೆ ಅಂಗಳದಲ್ಲಿ ನೀಲಿ ಪಟ್ಟಿಯ ಹವಾಯಿಗಳೆಲ್ಲ ಜೊತೆ ತಪ್ಪಿ, ಕಾಲು ಬದಲಿ, ಯಾರದ್ದು ಯಾರಿಗೋ ಆಗಿದ್ದವು. ನನ್ನ ಕಪ್ಪು ದಪ್ಪ ಜೋಡು ಮಾತ್ರ ಇಟ್ಟಲ್ಲೇ ಇತ್ತು. ತಮ್ಮದನ್ನು ಕಳೆದುಕೊಂಡ ನೆರೆಮನೆಯ ಮಾವ ಅದರೊಳಗೆ ಒಂದು ಕಾಲು ತೂರಿಸಿ ನೋಡಿದರು, ಹಿಂಪಟ್ಟಿ ಕಂಡರು, ಬರಿಗಾಲಲ್ಲೇ ಮನೆಗೆ ಹೋದರು.