ಮೆಶ್ ರಾಯರು

ರಿಟೈರಾದ ಎಂಜಿನಿಯರುಗಳಿಗೆ ಹಿಂದೆಲ್ಲ ಒಂದು ಸಂಪು, ಒಂದು ಟ್ಯಾಂಕು, ಒಂದು ಮೋಟರು ಇದ್ದರೆ ಹೊತ್ತು ಹೋಗುತ್ತಿತ್ತು. ಅವೆಲ್ಲ ತಾವಾಗಿಯೇ ಆನ್ ಆಫ್ ಆಗತೊಡಗಿದ ಮೇಲೆ ಪಾಪ, ಕೈಗೆ ಕೆಲಸವಿಲ್ಲ. ಆ ಕೊರತೆ ನೀಗಿಸಿದ್ದು ಮೆಶ್ ವೈ-ಫೈ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ, 30-40 ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ, ಅಂತಸ್ತಿಗೊಂದು ಬಿಳಿ ವೈ-ಫೈ ಡಬ್ಬಿ ಇಟ್ಟು ಕಾಯುವ ರಾಯರೊಬ್ಬರು ಸಿಕ್ಕೇ ಸಿಗುತ್ತಾರೆ.

ಗುರುತು ಹಿಡಿಯುವುದು ಸುಲಭ. ಮೊಬೈಲನ್ನು ಎದೆಮಟ್ಟಕ್ಕೆ ಹಿಡಿದು ಮನೆ ತುಂಬ ಓಡಾಡುತ್ತ ಸಿಗ್ನಲಿನ ಅಂಕಿ ಓದುತ್ತಿರುತ್ತಾರೆ. “ಹಾಲಲ್ಲಿ ಮೈನಸ್ 45, ಭೇಷ್. ಮೆಟ್ಟಿಲ ಹತ್ರ ಮೈನಸ್ 68, ಪರವಾಗಿಲ್ಲ. ದೇವರ ಮನೇಲಿ ಮೈನಸ್ 79! ಶಿವ ಶಿವಾ!” ಹೊಸದಾಗಿ ಬಂದವರು ಇದನ್ನು ರಾಯರ ಕಣ್ಣಿನ ಪವರ್ ಎಂದುಕೊಂಡು ಮರುಗಿದ್ದುಂಟು.

ನೆಂಟರು ಪಾಸ್‌ವರ್ಡ್ ಕೇಳಿದರೆ ಮೊದಲು ಪಾಠ, ಆಮೇಲೆ ಪಾಸ್‌ವರ್ಡ್. “ಡಬ್ಬಿ ಮೂರಾದ್ರೂ ಹೆಸರು ಒಂದೇ. ನೀವು ಮಹಡಿ ಹತ್ತಿದ ಹಾಗೆ ಮೊಬೈಲು ತಾನೇ ಕೆಳಗಿನ ಡಬ್ಬಿ ಬಿಟ್ಟು ಮೇಲಿನದನ್ನ ಹಿಡೀಬೇಕು.” ಈ ‘ಬೇಕು’ ಬರುವಾಗ ದನಿ ಕೊಂಚ ಇಳಿಯುತ್ತದೆ. ಯಾವ ಡಬ್ಬಿ ಹಿಡಿಯಬೇಕೆಂದು ಕೊನೆಗೆ ತೀರ್ಮಾನಿಸುವುದು ಡಬ್ಬಿಯಲ್ಲ, ಮೊಬೈಲು. “ಒಳಗೆ ಹೋಗಿ ಸ್ವಾಮಿ, ಒಳಗೆ ಖಾಲಿ ಇದೆ” ಎಂದು ಕಂಡಕ್ಟರು ಎಷ್ಟು ಅರಚಿದರೂ ಫುಟ್‌ಬೋರ್ಡಿನವನು ಕಂಬಿ ಬಿಡುತ್ತಾನೆಯೇ? ಹಾಲಿನ ಡಬ್ಬಿಗೆ ಜೋತುಬಿದ್ದ ಮೊಬೈಲೂ ಹಾಗೇ, ಟೆರೇಸಿಗೆ ಹೋದರೂ ಒಂದೇ ಗೀಟು ನೆಚ್ಚಿಕೊಂಡು ಅಲ್ಲೇ ತೂಗಾಡುತ್ತದೆ.

ಹಾಗಂತ ಕಂಡಕ್ಟರಿಕೆಗೆ ಕಾನೂನಿಲ್ಲ ಎನ್ನುವಂತಿಲ್ಲ. ರಾಯರಿಗೆ ಅದು ಬಾಯಿಪಾಠ. 802.11 ಎಂಬ ವೈ-ಫೈ ನಿಯಮಾವಳಿಗೆ 2008ರಲ್ಲಿ ‘ಕೆ’ ಮತ್ತು ‘ಆರ್’, 2011ರಲ್ಲಿ ‘ವಿ’ ಸೇರಿದವು. ಕೆ ಎಂದರೆ ಅಕ್ಕಪಕ್ಕದ ಡಬ್ಬಿಗಳ ಪಟ್ಟಿ ಕೊಡುವುದು. ವಿ ಎಂದರೆ ‘ಅಲ್ಲಿಗೆ ಹೋಗಪ್ಪ’ ಎಂದು ಸಲಹೆ ಮಾಡುವುದು. ಆರ್ ಇದ್ದರೆ ಹೊಸ ಡಬ್ಬಿಯಲ್ಲಿ ಗುರುತು-ಪರಿಚಯದ ಶಾಸ್ತ್ರ ಚುಟುಕಾಗಿ ಮುಗಿದು, ನಡೆಯುತ್ತಿರುವ ಕಾಲ್ ಕಟ್ಟಾಗದೆ ಉಳಿಯುತ್ತದೆ. “ಆದ್ರೆ ನಮ್ಮ ಮಗನ ಐಫೋನ್ ನೋಡಿ, ಮೈನಸ್ 70ಕ್ಕೆ ಇಳಿಯೋವರೆಗೆ ಬೇರೆ ಡಬ್ಬಿ ಹುಡುಕೋದೇ ಇಲ್ಲ. ಹುಡುಕಿದ್ರೂ ಹೊಸದು 8 ಡೆಸಿಬೆಲ್ ಜೋರಾಗಿರಬೇಕು. ಕೆಲಸವಿಲ್ಲದೆ ಬಿದ್ದಿದ್ರೆ 12 ಬೇಕಂತೆ, ದೊರೆಗೆ!” ಬೈಗುಳ ಫೋನಿಗೋ ಮಗನಿಗೋ ತಿಳಿಯುವುದಿಲ್ಲ.

ಸಲಹೆ ಕೇಳದ ಮೊಬೈಲನ್ನು ಕತ್ತು ಹಿಡಿದು ಇಳಿಸುವ ಏರ್ಪಾಡೂ ಕೆಲವು ಡಬ್ಬಿಗಳಲ್ಲಿದೆ. ಒಂದು ಬೆಳಿಗ್ಗೆ ರಾಯರು ಅದನ್ನು ತುಸು ಬಿಗಿ ಮಾಡಿದರು. ಮಹಡಿಯಲ್ಲಿ ಆಫೀಸ್ ಮೀಟಿಂಗಿನಲ್ಲಿದ್ದ ಸೊಸೆ ಪರದೆಯ ಮೇಲೆ ಅರ್ಧ ಬಾಯಿ ತೆರೆದು ನಿಂತುಬಿಟ್ಟಳು.

“ಮಾವಾ, ಮತ್ತೆ ಏನಾದ್ರೂ ಮುಟ್ಟಿದ್ರಾ?”

“ಮುಟ್ಟಿಲ್ಲಮ್ಮ, ಆಪ್ಟಿಮೈಜ್ ಮಾಡ್ದೆ.”

ಅಂದಿನಿಂದ ಆಪ್ಟಿಮೈಜಿಗೆ ಭಾನುವಾರ ಮಾತ್ರ ಅನುಮತಿ.

ಮನೆಯಾಕೆಯದು ಬೇರೆಯೇ ಪ್ರತಿರೋಧ. ನಡುಮನೆಯ ಡಬ್ಬಿಯ ವಯರು ಅಸಹ್ಯವಾಗಿ ಕಾಣುತ್ತದೆಂದು ಆಕೆ ಅದನ್ನು ಕಬ್ಬಿಣದ ಬೀರುವಿನ ಹಿಂದಕ್ಕೆ ತಳ್ಳಿ, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದಾರೆ. ಬಟ್ಟೆಯನ್ನು ರೇಡಿಯೋ ಅಲೆ ಕ್ಷಮಿಸುತ್ತದೆ, ಕಬ್ಬಿಣವನ್ನಲ್ಲ. ರಾಯರು ಹಗಲು ಹೊರಗೆಳೆಯುತ್ತಾರೆ, ರಾತ್ರಿಯೊಳಗೆ ಅದು ಮತ್ತೆ ಒಳಗೆ.

ಮೊನ್ನೆ ಆಕೆ ಮೊಬೈಲಿನಲ್ಲಿ ನೋಡುತ್ತಿದ್ದ ಪ್ರವಚನ ದೇವರ ಮನೆಯಲ್ಲಿ ನಿಂತು ಸುತ್ತತೊಡಗಿತು. ರಾಯರು ಕನ್ನಡಕ ಏರಿಸಿಕೊಂಡು ಬಂದರು. “ನೋಡು, ನಿನ್ನ ಫೋನು ಇನ್ನೂ ಹಾಲಿನ ಡಬ್ಬೀಲೇ ಇದೆ. ಐದು ಗಿಗಾಹರ್ಟ್ಸ್‌ಗೆ ಗೋಡೆ ದಾಟೋ ತ್ರಾಣ ಕಮ್ಮಿ. ಈಗ ನಾನು ಲಾಗ್ ತೆಗೆದು…”

“ಬಂತು ಬಿಡಿ.”

“ಬಂತಾ? ಏನು ಮಾಡ್ದೆ?”

“ವೈ-ಫೈ ಆಫ್ ಮಾಡಿ ಆನ್ ಮಾಡ್ದೆ.”

“ಅದು ಪರಿಹಾರ ಅಲ್ಲ ಕಣೇ!”

“ಸ್ವಲ್ಪ ಸುಮ್ನಿರ್ತೀರಾ? ಗುರುಗಳು ಮಾತಾಡ್ತಿದಾರೆ.”