ಅಳತೆಗೆ ಬೇಕಿತ್ರಿ

ಮನೆ ಕಟ್ಟುವವರು ಎಲ್ಲ ಊರಲ್ಲೂ ಇರುತ್ತಾರೆ. ಮನೆಯ ಮಾತನ್ನೇ ಕಟ್ಟುತ್ತ ಹೋಗುವವರೂ ಇರುತ್ತಾರೆ. ಕುಂದಗೋಳದಲ್ಲಿ ಈ ಎರಡನೇ ಮಠದ ಪೀಠಾಧಿಪತಿಗಳು ನಮ್ಮ ರಿಟೈರ್ಡ್ ಮಾಸ್ತರು. ಒಳಗೆಲ್ಲ ಸಾಗವಾನಿ ಹಲಗೆಯ ಗೋಡೆ, ನೆಲದಿಂದ ಜಂತಿಯವರೆಗೆ ಪುಸ್ತಕದ ಕಪಾಟು. ನಕ್ಷೆ ಸದಾ ಕೈಚೀಲದಲ್ಲಿ. ಸೈಟಿನಲ್ಲಿ ಮಾತ್ರ ಇನ್ನೂ ಜಾಲಿಗಿಡ.

ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗರಸು ಹತ್ತುವ ತನಕ ಪಾಯ ತೋಡದಿದ್ದರೆ ಗೋಡೆ ಸೀಳುವುದು ಖಾತ್ರಿ. ಆ ಮಾತೆತ್ತಿದರೆ, "ಅದೇನ್ ಬಿಡ್ರಿ, ಗೌಂಡಿ ನೋಡ್ಕೋತಾನ." ದಾಂಡೇಲಿ ಡಿಪೋದ ಕಟ್ಟಿಗೆಯ ಲಿಲಾವು ಮಾತ್ರ ಅವರಿಗೆ ಬಾಯಿಪಾಠ. ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ಸಂಗೀತ ನಡೆದಾಗ, ಗಾಯಕರು ಸಮಕ್ಕೆ ಬಂದರೆ ಜನರೆಲ್ಲ ತಲೆದೂಗುತ್ತಾರೆ. ಮಾಸ್ತರು ತಲೆಯೆತ್ತಿ ತೊಲೆ ನೋಡಿ "ಆಹಾ" ಎನ್ನುತ್ತಾರೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ಟೇಪು. ಡೆಮಿ ಪುಸ್ತಕ ಎಂಟೂವರೆ ಇಂಚು, ಕ್ರೌನು ಏಳರ ಆಜುಬಾಜು. ಎರಡನ್ನೂ ಒಂದೇ ಖಾನೆಗೆ ಇಟ್ಟರೆ ಜಾಗ ದಂಡ ಎಂಬುದು ಅವರ ಸಿದ್ಧಾಂತ. ಅದಕ್ಕೆ ನಮ್ಮ ಮನೆಗೆ ಬಂದು ಅಳೆಯುತ್ತಾರೆ. ಅಳೆದದ್ದನ್ನು ಬಡಿಗ್ಯಾಗೆ ತೋರಿಸಲು ಒಯ್ಯುತ್ತಾರೆ. ಮೊದಲು ಒಂದು ಕಾದಂಬರಿ ಹೋಯಿತು. ಆಮೇಲೆ ಸಾಹಿತ್ಯ ಪರಿಷತ್ತಿನ ನಿಘಂಟು. ಒಂದು ಸಂಪುಟ ಸಾಲದೇ ಎಂದೆ. "ಹೆಂಗ್ ಸಾಲತೈತ್ರಿ? ಒಂದೊಂದರ ದಪ್ಪ ಒಂದೊಂದು ನಮೂನಿ!" 8 ಸಂಪುಟವೂ ಹೋದವು. ಈಗ ಯಾವುದಾದರೂ ಶಬ್ದದ ಅರ್ಥ ಬೇಕಾದರೆ ನಾನು ಅವರ ಮನೆಗೇ ಹೋಗಬೇಕು. ಅರ್ಥದ ಜೊತೆ ಚಹಾ ಬರುತ್ತದೆ, ಚಹಾದ ಜೊತೆ ನಕ್ಷೆ. ಹಾಗೆ ನೋಡಿದರೆ ನನ್ನ ಪುಸ್ತಕಗಳಲ್ಲಿ ಅರ್ಧ ನಾನೇ ತೆರೆದಿಲ್ಲ. ಎಷ್ಟು ಹೋಗಿವೆ ಎಂದು ತಿಳಿದದ್ದೂ ಹಲಗೆಯ ಮೇಲಿನ ಧೂಳಿನ ಗುರುತಿನಿಂದ.

ಅವರ ಸ್ವಂತ ಪುಸ್ತಕಗಳು ಬ್ಯಾಡಗಿ ಮೆಣಸಿನಕಾಯಿ ಚೀಲದ ಪಕ್ಕ, ಟ್ರಂಕಿನಲ್ಲಿವೆ. ಪುಟ ತಿರುವಿದರೆ ಬೇವಿನ ಎಲೆಯ ಪುಡಿ, ನಾಲ್ಕು ಮೆಣಸಿನ ಬೀಜ. ಸೀನುತ್ತಲೇ ಓದಬೇಕು.

"ಇದರಾಗ ಅಡಗಿಮನಿ ಎಲ್ಲೈತ್ರಿ?" ಎಂದು ಅವರ ಮನೆಯವರು ನಕ್ಷೆ ನೋಡಿ ಕೇಳಿದರು. ಮಾಸ್ತರು 'ಕಾದಂಬರಿ'ಗೂ 'ವಿಮರ್ಶೆ'ಗೂ ನಡುವೆ ಬೆರಳಿಟ್ಟರು.

ನಕ್ಷೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಖಾನೆಯೊಂದನ್ನು ಖಾಲಿ ಬಿಟ್ಟಿದ್ದಾರೆ. ಪುಣೆಯಲ್ಲಿರುವ ಮೊಮ್ಮಗನಿಗಂತೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. "ಕೈಗೆ ಎಟಕೂ ಹಂಗ ಇದ್ರ ಕಲೀತಾನ್ರಿ" ಎಂದರು. ಪಾಯದ ಬಗ್ಗೆ ಕೇಳಬೇಕೆಂದು ಹೋದವನು ಸುಮ್ಮನೆ ಚಹಾ ಕುಡಿದು ಬಂದೆ.

ನಿನ್ನೆ ಮತ್ತೆ ಬಂದಿದ್ದರು. ಕಿಟೆಲ್ಲರ ನಿಘಂಟು ಬೇಕಂತೆ. ಈ ಸಲ ನಾನು ಗಟ್ಟಿಯಾದೆ. "ಇಲ್ಲೇ ಅಳೀರಿ ಮಾಸ್ತರ, ನಾ ಟೇಪು ಹಿಡೀತೀನಿ" ಎಂದೆ.

"ಉದ್ದ-ಅಗಲ ಇಲ್ಲೇ ಆಗತೈತ್ರಿ," ಎಂದರು ಮಾಸ್ತರು, ಪುಸ್ತಕ ಕಂಕುಳಲ್ಲಿ ಇಟ್ಟುಕೊಳ್ಳುತ್ತ, "ಹಲಗಿ ಬಾಗತೈತೋ ಇಲ್ಲೋ ಅಂತ ಒಂದ್ ಮಳಿಗಾಲ ಇಟ್ಟ ನೋಡಬೇಕಲ್ರಿ."